ಚೊಕ್ಕಟಮ್ಮ ಕಂಪ್ಯೂಟರ್ ಗುಡಿಸಿದ್ದು

ಕಸೂತಿ ಅಂಗಡಿಯ ಒಡತಿಗೆ ಬೀದಿಯವರು ಚೊಕ್ಕಟಮ್ಮ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ. ವರ್ಷವಿಡೀ ಯಾರೂ ಮುಟ್ಟದ ಸಾಮಾನು ಆಕೆಯ ಕಣ್ಣಿಗೆ ಬಿದ್ದರೆ ಅದರ ಕಥೆ ಮುಗಿಯಿತು. ಮೊನ್ನೆ ಕಂಪ್ಯೂಟರು ಜಾಗ ಸಾಲದೆಂದು ಗೋಳಿಟ್ಟಾಗ ತೋಳೇರಿಸಿ ಕೂತವಳು, ತಾನೆಂದೂ ತೆರೆಯದ, ಹೆಸರೂ ಬಾಯಿಗೆ ಬಾರದ ಫೈಲುಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿದಳು. ನಿಜವಾಗಿ ಅಳಿಸಲೇ ಎಂದು ಅದು ಪಾಪ ಪ್ರತಿಸಲವೂ ಕೇಳಿತು. ಈಕೆ ಪ್ರತಿಸಲವೂ ಹೂಂ ಎಂದಳು. ಮರುದಿನ ಪರದೆ ಬೆಳಗಲೇ ಇಲ್ಲ.

ಒಳಗಿದ್ದದ್ದು ಹನ್ನೊಂದು ವರ್ಷದ ವಿನ್ಯಾಸಗಳು. ಒಂದೊಂದು ಬಳ್ಳಿಯನ್ನೂ ಆಕೆಯೇ ಕೂತು ಬಿಡಿಸಿದ್ದು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಕಂಪ್ಯೂಟರಿನ ಉಸ್ತುವಾರಿಯೆಲ್ಲ ಮೈದುನನದು. ಫೋನ್ ಮಾಡಿದರೆ, "ನಿಮಗ್ಯಾಕೆ ಬೇಕಿತ್ತು ಅತ್ತಿಗೆ? ಭಾನುವಾರ ಬಂದು ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀನಿ ಬಿಡಿ" ಎಂದ.

"ಎಲ್ಲಾ ಅಂದ್ರೆ? ನನ್ನ ಹೂವೂನಾ?"

"ಹೋದದ್ದು ಹೋಯ್ತು."

ಹೋಗಲು ಬಿಟ್ಟರೆ ತಾನೇ! ಕಂಪ್ಯೂಟರಿನ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಮೂಲೆಯ ರಿಪೇರಿ ಅಂಗಡಿಗೆ ನಡೆದಳು. ಅಲ್ಲಿನ ಹುಡುಗಿ ನೋಡಿ ಹೇಳಿದಳು: "ನೀವು ಅಳಿಸಿರೋದು ಕಂಪ್ಯೂಟರನ್ನ ನಡೆಸೋ ಫೈಲುಗಳನ್ನ ಅಮ್ಮ. ಅಡುಗೆಯವರನ್ನ ಓಡಿಸಿದ ಹಾಗಾಯ್ತು. ಉಗ್ರಾಣ ಹಾಗೇ ಇರಬಹುದು. ಬಿಟ್ಟು ಹೋಗಿ, ನೋಡ್ತೀನಿ."

"ಬಿಟ್ಟು ಹೋಗಲ್ಲ. ಹೇಳಿಕೊಡಮ್ಮ, ನಾನೇ ಮಾಡ್ತೀನಿ."

ಹುಡುಗಿ ನಕ್ಕು ಸ್ಟೂಲು ಸರಿಸಿದಳು. ಪೆನ್‌ಡ್ರೈವ್ ಚುಚ್ಚಿ ಅದರಿಂದಲೇ ಯಂತ್ರ ಎಬ್ಬಿಸುವುದನ್ನು ತೋರಿಸಿದಳು. ಚೊಕ್ಕಟಮ್ಮ ಒಂದೊಂದಾಗಿ ಫೋಲ್ಡರುಗಳನ್ನು ತೆರೆಯುತ್ತ ಹೋದಳು. ನಾಲ್ಕನೆಯದರಲ್ಲಿ ಎಲೆ, ಬಳ್ಳಿ, ನವಿಲು, ಎಲ್ಲ ಇದ್ದವು! ಆಕೆ ನಾಚಿಕೆಯಿಲ್ಲದೆ ಅತ್ತಳು.

ಮೊದಲು ಅವನ್ನು ಬೇರೆ ಡಿಸ್ಕಿಗೆ ಇಳಿಸಿ, ಒಂದೂ ಬಿಡದೆ ತೆರೆದು ನೋಡಿದಳು. ಆಮೇಲೆ ಹುಡುಗಿ ಹೇಳಿದಂತೆ ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಹಾಕತೊಡಗಿದಳು. ಯಾವುದು ಜಾಗ ತಿನ್ನುತ್ತದೆ, ಯಾವುದನ್ನು ಅಳಿಸಬಹುದು, ಯಾವುದರ ತಂಟೆಗೆ ಹೋಗಬಾರದು, ಎಲ್ಲ ಕೇಳಿ ಕೇಳಿ ಬರೆದುಕೊಂಡಳು. ಹುಡುಗಿಯ ಚಹಾ ಆರಿಹೋಯಿತು.

ಕೊನೆಗೆ ಕಂಪ್ಯೂಟರು ತನ್ನ ಯಜಮಾನರ ಹೆಸರು ಕೇಳಿತು. ಇಷ್ಟು ವರ್ಷ ಅಲ್ಲಿದ್ದದ್ದು ಮೈದುನನ ಹೆಸರು. ಬೇರೆ ಹೆಸರು ಹಾಕಬಹುದೆಂದು ಆಕೆಗೆ ಗೊತ್ತೇ ಇರಲಿಲ್ಲ.

"ಯಾರ ಹೆಸರು ಹಾಕ್ತೀರಿ ಅಮ್ಮ?"

ಚೊಕ್ಕಟಮ್ಮ ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರು ಒತ್ತಿದಳು.

ಭಾನುವಾರ ಮೈದುನ ಬಂದು ಕೂತವನು ಪರದೆಯನ್ನೇ ಮಿಕಿಮಿಕಿ ನೋಡಿದ.

"ಪಾಸ್‌ವರ್ಡ್ ಏನು ಅತ್ತಿಗೆ?"

"ಎದ್ದೇಳಪ್ಪ," ಎಂದಳು ಚೊಕ್ಕಟಮ್ಮ. "ನಿನಗೇನು ಬೇಕೋ ಹೇಳು, ನಾನು ತೆಗೆದುಕೊಡ್ತೀನಿ."