ಗಟ್ಟಿ ಸದ್ದು

ಟೈಲ್ಸ್ ಮೇಸ್ತ್ರಿಯ ಕಿವಿ ಸುಳ್ಳು ಹೇಳುವುದಿಲ್ಲ ಎಂಬ ಮಾತು ಕಂಟ್ರಾಕ್ಟರುಗಳ ನಡುವೆ ಗಾದೆಯಾಗಿ ಹೋಗಿತ್ತು. ಬೇರೆಯವರು ಹಾಸಿದ ನೆಲವನ್ನು ಪಾಸು ಮಾಡುವುದಕ್ಕೂ ಅವನನ್ನೇ ಕರೆಸುತ್ತಿದ್ದರು. ಅವನು ಮಂಡಿಯೂರಿ ಕೂತು, ಕರಣೆಯ ಹಿಡಿಯಿಂದ ಒಂದೊಂದೇ ಟೈಲನ್ನು ಬಡಿಯುತ್ತ ಹೋಗುವನು. 'ದಬ್' ಎಂದರೆ ಅಡಿಯಲ್ಲಿ ಸಿಮೆಂಟು ತುಂಬಿ ಕೂತಿದೆ, ಗಟ್ಟಿ. 'ಡೊಣ್' ಎಂದರೆ ಟೊಳ್ಳು. ಇವತ್ತಲ್ಲ ನಾಳೆ ಬಿರುಕು ಬಿಡುತ್ತದೆ, ಕಿತ್ತು ಹಾಕಬೇಕು. ಮೂವತ್ತು ವರ್ಷ ಪಕ್ಕದಲ್ಲಿ ನಿಂತು ಸಿಮೆಂಟು ಕಲಸಿಕೊಟ್ಟ ಹೆಂಡತಿಗೂ ಅದೇ ವೇದವಾಕ್ಯ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ಹಾಗೆಯೇ ಆ ಕಿವಿ ಅವನಿಗೇ ಮೋಸ ಮಾಡಿತು.

ಮೂರು ವಾರದ ಹಿಂದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಆಸ್ಪತ್ರೆಗೆ ಸೇರಿದ. ಡ್ಯೂಟಿ ಡಾಕ್ಟರಮ್ಮ ಅಂಗಿ ಬಿಚ್ಚಿಸಿ, ಮಂಚದ ಕಾಲ ಬಳಿ ನಿಂತು ಅವನ ಎದೆ ಏರಿಳಿಯುವುದನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಬೆನ್ನಿನ ಎರಡೂ ಕಡೆ ಅಂಗೈ ಇಟ್ಟಳು. ಕೈ ಮಂಜುಗಡ್ಡೆಯಷ್ಟು ತಣ್ಣಗಿತ್ತು.

"ತೊಂಬತ್ತೊಂಬತ್ತು ಅನ್ನಿ."

"ಯಾಕೆ ಡಾಕ್ಟರಮ್ಮ, ನೂರಕ್ಕೆ ಒಂದು ಟೈಲ್ ಕಮ್ಮಿ ಬಿತ್ತಾ?"

ಅವಳು ನಕ್ಕಳು. "ಮಾತಾಡಿದಾಗ ಕೈಗೆ ನಡುಕ ಸಿಗುತ್ತೆ. ಎಲ್ಲಿ ಸಿಗಲ್ವೋ ಅಲ್ಲಿ ಏನೋ ಅಡ್ಡ ಇದೆ ಅಂತ. ಹೇಳಿ, ಹೇಳಿ."

ಅವನು ಹೇಳಿದ. ಆಮೇಲೆ ಅವಳು ಎಡಗೈಯ ನಡುಬೆರಳನ್ನು ಅವನ ಬೆನ್ನಿಗೆ ಒತ್ತಿ ಹಿಡಿದು, ಬಲಗೈ ಬೆರಳಿನಿಂದ ಅದರ ಮೇಲೆ ಬಡಿಯತೊಡಗಿದಾಗ ಮೇಸ್ತ್ರಿ ತಮಾಷೆ ನಿಲ್ಲಿಸಿದ. ಇದು ಅವನ ಕಸುಬು. ಎಡಗಡೆ ಮೇಲಿಂದ ಕೆಳಗಿನವರೆಗೆ ಡೊಣ್, ಡೊಣ್. ಬಲಗಡೆ ಅರ್ಧ ದಾರಿಗೆ ಬರುತ್ತಿದ್ದಂತೆ ದಬ್. ಅಲ್ಲಿಂದ ಕೆಳಗೆಲ್ಲ ದಬ್, ದಬ್. ಅವನು ಒಳಗೊಳಗೇ ತಲೆದೂಗಿದ.

ಡಾಕ್ಟರಮ್ಮ ಅತ್ತ ಹೋದ ಮೇಲೆ ಹೆಂಡತಿಗೆ ಹೇಳಿದ: "ಬಲಗಡೆ ಕೆಳಗೆ ಗಟ್ಟಿ ಕೂತಿದೆ ಕಣೇ. ಎಡಗಡೆ ಪೂರ್ತಿ ಟೊಳ್ಳು, ಕಾಯಿಲೆ ಅಲ್ಲೇ. ಒಂದು ಕಡೆ ಗಟ್ಟಿ ಇದ್ರೆ ಸಾಕು ಬಿಡು, ಬದುಕ್ಕೊಳ್ತೀನಿ."

"ನಿಮ್ಮ ಕಿವಿ ಹೇಳಿದ್ಮೇಲೆ ಮುಗೀತು," ಎಂದಳು ಅವಳು. ಆ ವಾರದಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡಳು.

ಮಾರನೆಯ ದಿನ ಅವಳು ಬಟ್ಟೆ ತರಲು ಮನೆಗೆ ಹೋಗಿದ್ದಾಗ, ಡಾಕ್ಟರಮ್ಮ ಅವನ ಬೆನ್ನಿಗೆ ಸೂಜಿ ಹಾಕಿ ಒಂದು ಬಾಟಲಿ ನೀರು ತೆಗೆದಳು. ನೀರಿನ ಬಣ್ಣ ಕೆಂಪಗಿತ್ತು. ಮೇಸ್ತ್ರಿ ಕಣ್ಣು ಬಿಟ್ಟು ನೋಡಿದ.

"ಗಟ್ಟಿ ಇದ್ದ ಕಡೆಯಿಂದಾನೇ ಬಂತಲ್ಲ ತಾಯಿ?"

"ಎದೆ ಅನ್ನೋದು ನೆಲ ಅಲ್ಲ ಮೇಸ್ತ್ರಿ. ಒಳಗೆ ಗಾಳಿ ಇರಬೇಕು, ಟೊಳ್ಳು ಸದ್ದೇ ಬರಬೇಕು. ಗಟ್ಟಿ ಸದ್ದು ಬಂದ್ರೆ ಅಲ್ಲಿ ನೀರು ನಿಂತಿದೆ ಅಂತ ಅರ್ಥ."

ನಾಲ್ಕು ದಿನ ಬಿಟ್ಟು ನೀರಿನ ರಿಪೋರ್ಟು ಬಂತು. ಶ್ವಾಸಕೋಶದ ಹೊದಿಕೆಯಲ್ಲಿ ಗಡ್ಡೆ. ನೀರು ಮತ್ತೆ ತುಂಬುತ್ತದೆ, ತೆಗೆದರೂ ತುಂಬುತ್ತದೆ. ಬುಡಕ್ಕೆ ಮದ್ದಿಲ್ಲ, ಸಂಕಟ ಕಡಿಮೆ ಮಾಡಬಹುದು ಅಷ್ಟೇ. ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತು ಹೇಳಿದಳು. ಅವನು ಕೇಳಿಕೊಂಡು, "ಮನೆಯವಳಿಗೆ ನಾನೇ ಹೇಳ್ತೀನಿ" ಎಂದ.

ಹೇಳಲಿಲ್ಲ. ಬೇಕಾದರೆ ಹೇಡಿ ಎನ್ನಿ. ಮಾತು ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪವಾಗಿ ಬಾಯಲ್ಲೇ ಉಳಿಯಿತು. ಡಾಕ್ಟರಮ್ಮ ಬೆಳಗ್ಗೆ ಬಂದು ಬಡಿದು ನೋಡಿ, ಗಟ್ಟಿ ಸದ್ದು ಶುರುವಾಗುವ ಕಡೆ ನೀಲಿ ಪೆನ್ನಿನಿಂದ ಒಂದು ಗೆರೆ ಎಳೆದು ಹೋಗುತ್ತಿದ್ದಳು. ಹೆಂಡತಿ ಬೆನ್ನು ಒರೆಸುವಾಗ ಆ ಗೆರೆಗಳಿಗೆ ಟವೆಲ್ ತಾಗದಂತೆ ಸುತ್ತ ಮಾತ್ರ ಒರೆಸುವಳು. ಗೆರೆ ಮೇಲೇರಿದಷ್ಟೂ ಅವಳ ಮುಖ ಅರಳುತ್ತಿತ್ತು.

"ಇವತ್ತು ಎರಡು ಬೆರಳು ಮೇಲೆ ಬಂದಿದೆ ರೀ! ಇನ್ನೊಂದು ಗೇಣು, ಭುಜದವರೆಗೂ ಗಟ್ಟಿ ಆಗಿಬಿಡುತ್ತೆ."

"ಹೂಂ," ಎನ್ನುವನು ಅವನು, ಉಸಿರಿಗೆ ತಡಕಾಡುತ್ತ.

"ಉಸಿರಿಗೇನು, ಸೆಟ್ ಆಗೋವರೆಗೂ ಹಾಗೇ. ಹೊಸ ಟೈಲ್ ಮೇಲೆ ಕಾಲಿಡಬಾರ್ದು ಅಂತ ಜನಕ್ಕೆ ನೀವೇ ಬಯ್ತಿದ್ರಿ. ತುಂಬಿದ ಕೊಡ ತುಳುಕಲ್ಲ, ಸುಮ್ನೆ ಮಲಗಿ."

ತುಂಬಿದ ಕೊಡ! ಅವನಿಗೆ ನಗುವೂ ಬಂತು, ಅಳುವೂ ಬಂತು. ಎರಡಕ್ಕೂ ಉಸಿರು ಸಾಲಲಿಲ್ಲ.

ಹೀಗೆ ಆರು ಗೆರೆ ಆದವು. ಏಳನೆಯ ಗೆರೆ ಬಿದ್ದ ಬೆಳಗ್ಗೆ ಹೆಂಡತಿ ಅದನ್ನು ನೋಡಲೇ ಇಲ್ಲ. ಮಂಚದ ಅಂಚಿನಲ್ಲಿ ಕೂತು ಬೇರೆಯೇ ರಾಗ ತೆಗೆದಳು.

"ಉಣ್ಣೆ ಕಂಬಳಿ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿದೆ. ಗ್ಯಾಸು ಕೆಳಗಡೆ ಆಫ್ ಮಾಡೋದು ನಿಮಗೆ ಯಾವತ್ತೂ ನೆನಪಿರಲ್ಲ, ನೆನಪಿಟ್ಕೊಳ್ಳಿ. ಒಬ್ರೇ ಇರೋಕಾಗ್ದಿದ್ರೆ ಮಗಳ ಮನೆಗೆ ಹೋಗಿ. ಅಳಿಯನ ಹತ್ರ ಮಾತಿಗೆ ಮಾತು ಬೆಳೆಸ್ಬೇಡಿ."

"ಏನೇ ಇದು, ಎಲ್ಲಿಗೆ ಹೊರಟೆ?"

"ನಂದೂ ಬಡಿದು ನೋಡ್ಕೊಂಡೆ," ಎಂದಳು. "ದಿನಾ ಡಾಕ್ಟರಮ್ಮ ಮಾಡೋದು ನೋಡಿ ಕಲಿತಿದೀನಲ್ಲ. ಎರಡೂ ಕಡೆ ಟೊಳ್ಳು ರೀ. ಒಂದು ಬೆರಳಷ್ಟೂ ಗಟ್ಟಿ ಇಲ್ಲ. ನಿಮಗಾದ್ರೂ ಒಂದು ಕಡೆ ಇದೆ." ಅವಳ ದನಿಯಲ್ಲಿ ಅಳುವಿರಲಿಲ್ಲ. "ಒಳ್ಳೇದೇ ಆಯ್ತು ಬಿಡಿ. ನಾನೇ ಮೊದಲು ಹೋಗ್ತೀನಿ. ನಿಮ್ಮನ್ನ ಕಳಿಸಿ ನಾನಿರೋದು ಅಂದ್ರೆ... ಆಗಲ್ಲ ನಂಗೆ. ಬೆನ್ನು ಮಾತ್ರ ಕೈಗೆ ಎಟಕಲಿಲ್ಲ. ನೀವೊಂದ್ಸಲ ನೋಡಿ ಹೇಳ್ಬಿಡಿ."

ಎದ್ದು ಮಂಚದ ಪರದೆ ಎಳೆದಳು. ಅವನಿಗೆ ಬೆನ್ನು ಹಾಕಿ ಕೂತಳು.

ಮೇಸ್ತ್ರಿ ಎಡಗೈಯ ನಡುಬೆರಳನ್ನು ಅವಳ ಬೆನ್ನಿಗೆ ಒತ್ತಿ ಬಡಿದ. ಡೊಣ್. ಕೆಳಗೆ ಬಡಿದ. ಡೊಣ್. ಬಲಕ್ಕೆ, ಎಡಕ್ಕೆ, ಪಕ್ಕೆಲುಬಿನ ಸಂದು ಸಂದಿನಲ್ಲೂ ಡೊಣ್. ಮೂವತ್ತು ವರ್ಷ ಯಾವ ಸದ್ದು ಕಿವಿಗೆ ಬಿದ್ದೊಡನೆ ಟೈಲು ಕೀಳುತ್ತಿದ್ದನೋ ಅದೇ ಸದ್ದು. ಅದರಷ್ಟು ಚೆಂದದ ಸದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಎಲ್ಲಾದರೂ ಒಂದು ದಬ್ ಸಿಕ್ಕಿಬಿಟ್ಟೀತೇ ಎಂಬ ಭಯದಿಂದ ಮತ್ತೆ ಮೇಲಿನಿಂದ ಶುರುಮಾಡಿದ. ಸಿಗಲಿಲ್ಲ. ಅವನ ಕಣ್ಣು ತುಂಬಿ ಹರಿಯುತ್ತಿತ್ತು.

"ಹೇಳ್ರೀ. ಎಷ್ಟು ದಿನ ಅಂತೀರಿ?"

ಸುಮ್ಮನಿದ್ದರೆ ಅವಳು ಇವತ್ತಿನಿಂದಲೇ ಸಾಯುತ್ತ ಬದುಕುತ್ತಾಳೆ. ಬಾಯಿಬಿಟ್ಟರೆ ತನ್ನದು ಹೊರಬೀಳುತ್ತದೆ. ಇಷ್ಟು ದಿನ ಹೊರಡದ ಮಾತು ಈಗ ಹೊರಟಿತು.

"ತೊಂಬತ್ತೊಂಬತ್ತು ವರ್ಷ ಇರ್ತೀಯ ಕಣೇ. ಎದೆ ಟೊಳ್ಳಾಗೇ ಇರಬೇಕಂತೆ. ಅದು ಗಾಳಿ. ನಿಂಗೇನೂ ಆಗಿಲ್ಲ. ನಾನು ಅವತ್ತು ಹೇಳಿದ್ದು ತಪ್ಪು."

ಅವಳು ತಿರುಗಲಿಲ್ಲ. ಕಾಲಿನ ಬಳಿ ಅಂಚು ಎದ್ದಿದ್ದ ಟೈಲೊಂದನ್ನು ನೋಡುತ್ತ ಕೂತಿದ್ದಳು. ಅವನ ಅಂಗೈ ಅವಳ ಬೆನ್ನ ಮೇಲೇ ಇತ್ತು.

"ಹಾಗಾದ್ರೆ ನಿಮ್ದು?"

ಆ ಮಾತಿನ ನಡುಕ ಕಿವಿಗಿಂತ ಮೊದಲು ಅವನ ಅಂಗೈಗೆ ಮುಟ್ಟಿತು. ಅಡ್ಡ ಏನೂ ಇರಲಿಲ್ಲ, ಪೂರ್ತಿ ಮುಟ್ಟಿತು. ಅವನು ಕೈ ತೆಗೆಯಲಿಲ್ಲ.

ಅವಳು ಎದ್ದಳು. ಬಿಸಿನೀರಿನಲ್ಲಿ ಟವೆಲ್ ಅದ್ದಿ ಹಿಂಡಿ, ಅವನನ್ನು ಮೆಲ್ಲನೆ ಪಕ್ಕಕ್ಕೆ ಹೊರಳಿಸಿದಳು. ಎಲ್ಲಕ್ಕಿಂತ ಮೇಲಿದ್ದ ಗೆರೆಯಿಂದ ಹಿಡಿದು ಉಜ್ಜತೊಡಗಿದಳು.

"ಹೋಗ್ತಾ ಇಲ್ಲ ರೀ," ಎಂದಳು.

"ಸೋಪು ಹಾಕಿ ನೋಡು," ಎಂದ ಅವನು.