ಕೂಡದ ಮೂಲೆ

ಚೌಕಟ್ಟಿನ ನಾಲ್ಕನೆಯ ಮೂಲೆ ಮತ್ತೆ ಕೂಡಲಿಲ್ಲ.

ಮೂರು ಮೂಲೆಗಳು ಅಂಟು ಹಚ್ಚಿಸಿಕೊಂಡು ಸಭ್ಯವಾಗಿ ಕುಳಿತಿದ್ದವು. ನಾಲ್ಕನೆಯದರಲ್ಲಿ ಮಾತ್ರ ಉಗುರು ತೂರುವಷ್ಟು ಸಂದು. ಅವಳು ಮರದ ಪಟ್ಟಿಗಳನ್ನು ಒತ್ತಿದಳು, ತಿರುಗಿಸಿದಳು, ಬೈದಳು. ಇಲ್ಲಿ ಒತ್ತಿದರೆ ಅಲ್ಲಿ ಬಾಯಿ ಬಿಡುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತು ಕನ್ನಡಕ ಏರಿಸಿಕೊಂಡು ನೋಡಿದರು. "ಇದೇನೇ, ಇರುವೆ ಓಡಾಡೋಕೆ ದಾರಿ ಬಿಟ್ಟಿದೀಯಾ?"

"ನಗಬೇಡಿ ಅತ್ತೆ. ನನಗೆ ಮೈಯೆಲ್ಲಾ ಉರೀತಿದೆ."

ಚೌಕಟ್ಟು ಬೇಕಾಗಿದ್ದುದೇ ಅತ್ತೆಗೆ. ಮೂವತ್ತು ವರ್ಷದಿಂದ ಬಟ್ಟೆಯ ಮೇಲೆ ದಾರದಲ್ಲಿ ಹಕ್ಕಿ, ಎಲೆ, ಕಿಟಕಿ, ಮುಖ ಎಂದು ತೆಗೆದು ತೆಗೆದು ಟ್ರಂಕಿನಲ್ಲಿ ಮಡಚಿಡುತ್ತಿದ್ದವರು ಅವರು. ಗ್ರಂಥಾಲಯದವರು ಹೇಗೋ ಸುದ್ದಿ ತಿಳಿದು, ತಮ್ಮ ಹಾಲ್‌ನಲ್ಲಿ ಹನ್ನೆರಡು ಚಿತ್ರ ತೂಗುಹಾಕಿ ಎಂದು ಕೇಳಿದ್ದರು. "ಚೌಕಟ್ಟು ನಾನು ಮಾಡ್ತೀನಿ" ಎಂದು ಸೊಸೆ ಮಾತು ಕೊಟ್ಟಿದ್ದಳು. ಮೂರು ವಾರವಿತ್ತು.

ಅವಳು ಆಸ್ಪತ್ರೆಯಲ್ಲಿ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುವವಳು, ಮೂಳೆ ಕೂಡಿದ ಮೇಲೆ ಅದನ್ನು ಕೊಯ್ದು ಬಿಡಿಸುವವಳು. ಮನೆಗೆ ಬಂದರೆ ಹಿಂದಿನ ಕೋಣೆಯಲ್ಲಿ ಮರದ ಕೆಲಸ. ಸ್ಟೂಲು, ಶೆಲ್ಫು, ಪುಸ್ತಕದ ಗೂಡು ಎಲ್ಲ ಮಾಡಿದ್ದಳು. ಆದರೆ ಅವಳ ಮೈಟರ್ ಗರಗಸ, ಅಂದರೆ ಪಟ್ಟಿಯನ್ನು ಬೇಕಾದ ಕೋನಕ್ಕೆ ಓರೆಯಾಗಿ ಕೊಯ್ಯುವ ಮಿಷನ್, ಯಾರದೋ ಕೈ ದಾಟಿ ಬಂದದ್ದು. ನಲವತ್ತೈದು ಡಿಗ್ರಿಗೆ ಇಟ್ಟು ಬಿಗಿ ಮಾಡಿದರೂ ಬ್ಲೇಡು ಮರಕ್ಕೆ ತಾಗಿದೊಡನೆ ಒಂದಿಷ್ಟು ಜಾರುತ್ತಿತ್ತು. ಒಂದು ಚೌಕಟ್ಟಿಗೆ ಎಂಟು ಓರೆ. ಒಂದೊಂದರಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಸೇರಿ ಸೇರಿ ಕೊನೆಯ ಮೂಲೆಗೆ ನಾಲ್ಕು ಡಿಗ್ರಿ. ಶೆಲ್ಫಿನಲ್ಲಿ ಅದು ಮುಚ್ಚಿಹೋಗುತ್ತದೆ, ಚೌಕಟ್ಟಿನಲ್ಲಿ ಹಲ್ಲು ಕಿರಿಯುತ್ತದೆ.

"ಹೊಸದು ತಗೋಬೇಕು" ಎಂದು ಊಟದ ಹೊತ್ತಿಗೆ ಹೇಳಿದ್ದೇ ಅವಳ ತಪ್ಪು.

ಗಂಡ ಔಷಧಿ ಅಂಗಡಿಯವನು. ಶೀಶೆಯ ಮೇಲಿನ ಸಾಸಿವೆಯಷ್ಟು ಅಕ್ಷರವನ್ನೂ ಬಿಡದೆ ಓದುವವನು. ಒಂದು ದಿನವೂ ಗರಗಸ ಹಿಡಿದವನಲ್ಲ. ಆದರೆ ಆರಿಸುವ ಕೆಲಸ ಎಂದರೆ ಅವನಿಗೆ ಹಬ್ಬ. ಮರುದಿನವೇ ಕಾಗದದ ಮೇಲೆ ಗೆರೆ ಎಳೆದು ಹದಿನೇಳು ಮಿಷನ್‌ಗಳ ಪಟ್ಟಿ ಮಾಡಿದ. ಸಂಜೆಯೆಲ್ಲ ಫೋನಿನ ವಿಡಿಯೋಗಳಲ್ಲಿ ಯಾರ್ಯಾರೋ ಮರ ಕೊಯ್ಯುವ ಸದ್ದು.

"ಇದು ನೋಡು, ಹನ್ನೆರಡು ಇಂಚಿನ ಬ್ಲೇಡು. ಮುಂದಕ್ಕೂ ಹಿಂದಕ್ಕೂ ಜಾರುತ್ತೆ. ಎರಡೂ ಕಡೆ ವಾಲುತ್ತೆ. ಎಲ್ಲಿ ಕೊಯ್ಯಬೇಕು ಅಂತ ಗೆರೆ ಬೀಳಿಸೋ ಲೇಸರ್ ಬೇರೆ!"

"ನಾನು ಕೊಯ್ಯೋದು ಎರಡು ಇಂಚಿನ ಪಟ್ಟಿ ಕಣ್ರೀ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕೆ?"

"ನಾಳೆ ದೊಡ್ಡ ಹಲಗೆ ಕೊಯ್ಯಬೇಕು ಅನ್ನಿಸಿದ್ರೆ?"

"ಅನ್ನಿಸಲ್ಲ."

"ಅನ್ನಿಸಿದ್ರೆ?"

ಹೀಗೆ ಮೀನಮೇಷ ಎಣಿಸುವುದರಲ್ಲೇ ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಅವಳಿಗೆ ರಜೆ. "ಇವತ್ತು ತರ್ತೀನಿ" ಎಂದು ಚಪ್ಪಲಿ ಮೆಟ್ಟಿದಳು. ಗಂಡನೂ ಅಂಗಡಿಗೆ ಬೀಗ ಹಾಕಿ ಹಿಂದೆಯೇ ಬಂದ.

ಮಿಷನ್ ಅಂಗಡಿಯವನು ಎಣ್ಣೆ ಕೈ ಒರೆಸಿಕೊಳ್ಳುತ್ತ ಎದ್ದು ಬಂದ. "ಬನ್ನಿ ಸಾರ್. ಮೇಡಂ, ಅಲ್ಲಿ ಫ್ಯಾನ್ ಕೆಳಗೆ ಕೂತ್ಕೊಳ್ಳಿ."

"ಬೇಕಾಗಿರೋದು ನನಗೆ" ಎಂದಳು.

"ಆಯ್ತು ಮೇಡಂ. ಸಾರ್, ಯಾವ ಸೈಜು ನೋಡ್ತಿದೀರಿ?"

ಪ್ರಶ್ನೆ ಅವಳು ಕೇಳಿದರೆ ಉತ್ತರ ಗಂಡನಿಗೆ ಹೋಗುತ್ತಿತ್ತು. ಒಂದು ತುಂಡು ಕೊಯ್ದು ನೋಡಲೇ ಎಂದದ್ದಕ್ಕೆ "ಅದೆಲ್ಲ ಮುಟ್ಟಬೇಡಿ, ಬೆರಳು ಹೋದೀತು" ಎಂಬ ಕಾಳಜಿ ಬಂತು. ಪ್ಲಾಸ್ಟರ್ ಕೊಯ್ಯುತ್ತ ಹದಿನಾಲ್ಕು ವರ್ಷದಲ್ಲಿ ಯಾರ ಚರ್ಮಕ್ಕೂ ಗೀರು ತಾಗಿಸದವಳು ಹಲ್ಲು ಕಚ್ಚಿ ನಿಂತಳು. ಅವಳು ಬೇಡ ಬೇಡ ಎನ್ನುವಷ್ಟರಲ್ಲಿ ಲೇಸರಿನ ದೊಡ್ಡ ಮಿಷನ್ ಟೆಂಪೋ ಹತ್ತಿತ್ತು.

ಮನೆಯಲ್ಲಿ ಅದನ್ನು ಬೆಂಚಿನ ಮೇಲೆ ಇಟ್ಟಾಗ ಬ್ಲೇಡಿನ ತೋಳು ಜಾರುವ ಹಿಂಬದಿಯ ಕಂಬಿಗಳು ಗೋಡೆಗೆ ಗುದ್ದಿದವು. ತೋಳನ್ನು ಹಿಂದಕ್ಕೆ ತಳ್ಳುವಂತೆಯೇ ಇಲ್ಲ. ಬೆಂಚನ್ನು ಮುಂದಕ್ಕೆ ಎಳೆದರು. ಈಗ ತೋಳು ಜಾರುತ್ತಿತ್ತು, ಆದರೆ ಕೋಣೆಯ ಬಾಗಿಲು ಗೇಣುದ್ದಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಗಂಡ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ತೂರಿ ಹೊರಗೆ ಹೋದ.

"ಅಭ್ಯಾಸ ಆಗುತ್ತೆ" ಎಂದ ಆಚೆಯಿಂದ.

ಅವಳು ನಾಲ್ಕು ಪಟ್ಟಿ ಕೊಯ್ದು ಜೋಡಿಸಿದಳು. ಸಂದು! ಬೇಲಿಯನ್ನು, ಅಂದರೆ ಪಟ್ಟಿ ಆನಿಸುವ ಹಿಂದಿನ ಕಬ್ಬಿಣದ ಅಂಚನ್ನು, ಸಡಿಲಿಸಿ ಮೂಲೆಮಟ್ಟ ಹಿಡಿದು ಮತ್ತೆ ಬಿಗಿದಳು. ಮತ್ತೆ ಕೊಯ್ದಳು. ಮತ್ತೆ ಸಂದು. ಕೊನೆಗೆ ಸ್ವಿಚ್ ಆರಿಸಿ ತೋಳನ್ನು ಪೂರ್ತಿ ಮುಂದಕ್ಕೆ ಎಳೆದು ಪಕ್ಕಕ್ಕೆ ಮೆಲ್ಲಗೆ ಅದುಮಿದಳು. ಅಲ್ಲಾಡಿತು. ಸಡಿಲಾದ ಹಲ್ಲಿನ ಹಾಗೆ.

"ರೀ, ಇಲ್ಲಿ ಬನ್ನಿ. ಅಲ್ಲಾಡುತ್ತೆ ನೋಡಿ."

"ಮಿಷನ್ ಜೊತೆ ಕೊಟ್ಟಿರೋ ಪುಸ್ತಕ ಪೂರ್ತಿ ಓದೋಣ. ಅರವತ್ತೆರಡು ಪುಟ ಇದೆ."

"ಪುಸ್ತಕ ಓದಿದ್ರೆ ಕಂಬಿ ಗಟ್ಟಿ ಆಗುತ್ತಾ?" ಎಂದು ಅವಳು ಕಿರುಚಿದ್ದು ಪಕ್ಕದ ಮನೆಗೂ ಕೇಳಿರಬೇಕು.

ಮಾರನೆಯ ದಿನ ಅವಳು ಆಸ್ಪತ್ರೆಗೆ ರಜೆ ಹಾಕಿ, ಮಿಷನ್ನನ್ನು ಪೆಟ್ಟಿಗೆಗೆ ತುಂಬಿ ಟೆಂಪೋ ಕರೆದಳು. ಅತ್ತೆ ಸೀರೆ ಬದಲಾಯಿಸಿಕೊಂಡು ಕೈಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತಿದ್ದರು.

"ನೀವೆಲ್ಲಿಗೆ ಅತ್ತೆ?"

"ನನ್ನ ಚಿತ್ರದ ಮಿಷನ್ನು. ನಾನು ಬರಬಾರದಾ?"

ಅಂಗಡಿಯವನು ಪೆಟ್ಟಿಗೆ ನೋಡುತ್ತಲೇ ಮುಖ ಗಂಟಿಕ್ಕಿದ. "ಸಾರ್ ಬರಲಿಲ್ವಾ?"

"ಸಾರ್‌ಗೆ ಮಾತ್ರೆ ಗೊತ್ತು, ಮರ ಗೊತ್ತಿಲ್ಲ" ಎಂದರು ಅತ್ತೆ. "ನಾನು ಅವನ ತಾಯಿ. ನನಗಿಂತ ಚೆನ್ನಾಗಿ ಯಾರು ಹೇಳ್ತಾರೆ? ಕೊಯ್ಯೋಳು ಇವಳು. ಇವಳ ಹತ್ರ ಮಾತಾಡಿ."

"ಮರ ಕೊಯ್ದಾಗಿದೆ ಅಮ್ಮ. ವಾಪಸ್ ತಗೊಳ್ಳೋಕಾಗಲ್ಲ."

ಅತ್ತೆ ವಾದ ಮಾಡಲಿಲ್ಲ. ಪೆಟ್ಟಿಗೆಯನ್ನು ಬಾಗಿಲ ನಡುವೆಯೇ ಇಳಿಸಲು ಟೆಂಪೋದವನಿಗೆ ಹೇಳಿ, ಅದರ ಮೇಲೆ ಕುಳಿತು, ಚೀಲದಿಂದ ಸೂಜಿ ದಾರ ತೆಗೆದರು. ಒಳಗೆ ಬರಬೇಕಾದವರು ಅವರನ್ನು ದಾಟಿಯೇ ಬರಬೇಕು. ಬಂದವರೆಲ್ಲ "ಯಾಕಮ್ಮ ಇಲ್ಲಿ ಕೂತಿದೀರಿ?" ಎಂದು ಕೇಳಿದರು. ಅತ್ತೆ ಒಬ್ಬೊಬ್ಬರಿಗೂ ಬೇಸರವಿಲ್ಲದೆ ಮೊದಲಿಂದ ಕಥೆ ಹೇಳಿದರು. ಮೂರನೆಯವನು ಮೊಳೆ ಕೊಳ್ಳದೆಯೇ ಹೊರಟುಹೋದ.

"ಸರಿ, ಏನು ಬೇಕು ಹೇಳಿ ಮೇಡಂ" ಎಂದ ಅಂಗಡಿಯವನು. ಮೊದಲ ಬಾರಿಗೆ ಅವಳ ಮುಖ ನೋಡಿ.

ಅವಳು ದೊಡ್ಡ ಮಿಷನ್ನಿನ ತೋಳು ಎಳೆದು ಅಲ್ಲಾಡಿಸಿ ತೋರಿಸಿದಳು. ಅವನೂ ಅಲ್ಲಾಡಿಸಿದ. ಕಪಾಟಿನ ಮೇಲೆ ಲೇಸರೂ ಇಲ್ಲದ, ಜಾರುವ ಕಂಬಿಯೂ ಇಲ್ಲದ ಹತ್ತು ಇಂಚಿನ ಒಂದು ಮಿಷನ್ ಧೂಳು ಹಿಡಿದು ಕುಳಿತಿತ್ತು. "ಅದನ್ನ ಇಳಿಸಿ" ಎಂದಳು.

"ಅದನ್ನ ಯಾರೂ ಕೇಳಲ್ಲ ಮೇಡಂ."

"ನಾನು ಕೇಳ್ತಿದೀನಲ್ಲ."

ಇಳಿಸಿದ ಮಿಷನ್ನಿನ ತೋಳನ್ನು ಪಕ್ಕಕ್ಕೆ ಅದುಮಿದಳು, ಕದಲಲಿಲ್ಲ. ಕೋನ ತಿರುಗಿಸಿದಾಗ ನಲವತ್ತೈದಕ್ಕೆ ಬಂದು ಟಕ್ ಎಂದು ಕಚ್ಚಿಕೊಂಡಿತು. ಮನೆಯಿಂದ ತಂದಿದ್ದ ಪಟ್ಟಿಯಲ್ಲಿ ನಾಲ್ಕು ತುಂಡು ಕೊಯ್ದು ಮೇಜಿನ ಮೇಲೆ ಕೂಡಿಸಿದಳು. ಅಂಗಡಿಯವನು ಬಗ್ಗಿ, ನಾಲ್ಕನೆಯ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದ. ಗೆರೆ ಕಾಣುತ್ತಿತ್ತು, ಕೈಗೆ ತಾಗಲಿಲ್ಲ.

"ದೊಡ್ಡದು ಇಲ್ಲೇ ಇರಲಿ, ಇದನ್ನ ತಗೊಂಡು ಹೋಗಿ" ಎಂದ. "ಅಮ್ಮನ್ನ ಮಾತ್ರ ಎಬ್ಬಿಸಿ."

ಸಂಜೆ ಗಂಡ ಬಂದು ಬೆಂಚಿನ ಮೇಲಿದ್ದ ಚಿಕ್ಕ ಮಿಷನ್ ನೋಡಿದ. "ನನಗೊಂದು ಮಾತು ಹೇಳಬಹುದಿತ್ತು."

"ಹೇಳಿದೆ. ಒಂಬತ್ತು ದಿನ ಹೇಳಿದೆ."

ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಉಜ್ಜುಕಾಗದ ಕೈಗೆತ್ತಿಕೊಂಡು, ಅವಳು ಕೂಡಿಸಿದ ಚೌಕಟ್ಟುಗಳನ್ನು ಒಂದೊಂದಾಗಿ ನಯ ಮಾಡತೊಡಗಿದ. ಆ ಕೆಲಸ ಅವನಿಗೆ ಒಗ್ಗಿತು. ಹನ್ನೆರಡನೆಯದರ ಅಂಟು ಆರುವ ಮೊದಲೇ ಅದನ್ನು ತೊಡೆಯ ಮೇಲಿಟ್ಟುಕೊಂಡು ಮೂವರೂ ಬಸ್ಸಿನಲ್ಲಿ ಗ್ರಂಥಾಲಯಕ್ಕೆ ಹೋದರು.

ಜನ ದಾರದ ಹಕ್ಕಿಗಳನ್ನು ನೋಡಿದರು, ಅತ್ತೆಯ ಕೈ ಹಿಡಿದು ಮಾತಾಡಿಸಿದರು. ಚೌಕಟ್ಟನ್ನು ಯಾರೂ ನೋಡಲಿಲ್ಲ. ಬೋಳುತಲೆಯ ಒಬ್ಬರು ಮಾತ್ರ ಮೂಲೆಗೆ ಮೂಗು ತಾಗಿಸಿ ನಿಂತು, ಯಾವ ಮಿಷನ್ನಿನಲ್ಲಿ ಕೊಯ್ದದ್ದು ಎಂದು ಪಕ್ಕದಲ್ಲಿದ್ದ ಗಂಡನನ್ನು ಕೇಳಿದರು.

"ಕೊಯ್ದಿದ್ದು ನನ್ನ ಹೆಂಡತಿ" ಎಂದ ಅವನು. "ಮೊದಲು ನಾನೇ ದೊಡ್ಡದೊಂದು ಆರಿಸಿ ತಂದಿದ್ದೆ. ತಪ್ಪಾಯ್ತು. ಅವಳು ಹೇಳಿದ್ದೇ ಸರಿ ಇತ್ತು."

ಎರಡು ಹೆಜ್ಜೆ ಆಚೆ ನಿಂತಿದ್ದ ಸೊಸೆಯನ್ನು ಅತ್ತೆ ಮೊಣಕೈಯಿಂದ ತಿವಿದರು. "ಕೇಳಿಸ್ತಾ?"

"ಯಾರಿಗೋ ಹೇಳ್ತಿದಾರೆ. ನನಗೆ ಹೇಳ್ಲಿಲ್ವಲ್ಲ."

"ಇವನಪ್ಪ ಯಾರಿಗೂ ಹೇಳ್ತಿರಲಿಲ್ಲ ಕಣೇ."

ಅವಳಿಗೆ ನಗು ಬರುವಷ್ಟರಲ್ಲಿ ಗಂಡ ಕಣ್ಣರಳಿಸಿಕೊಂಡು ಓಡಿಬಂದ. ಜೇಬಿನಿಂದ ಪೆನ್ನು ತೆಗೆಯುತ್ತ ಹೇಳಿದ: "ಅವರಿಗೂ ಒಂದು ಗರಗಸ ಬೇಕಂತೆ. ನಾನೇ ಆರಿಸಿ ಕೊಡ್ತೀನಿ ಅಂದಿದೀನಿ."