ಮರ್ಜುಕಿಯ ಕಾಲುನೋವು ಮತ್ತು ಚಿಕ್ಕ ಮಾತ್ರೆ

ಇಂಡೋನೇಷ್ಯಾದ ಬುಕಿಟ್ಟಿಂಗಿ ಊರಿನ ಹತ್ತಿರದ ಹಳ್ಳಿಯಲ್ಲಿ ಊಟದಂಗಡಿ ನಡೆಸುವ ಯುಸ್ನಿದಾರ್‌ಗೆ ಗಂಡನ ಕಾಲುನೋವು ಗೊತ್ತಿತ್ತು. ಅದಕ್ಕೆ ಅವನು ಕಂಡುಕೊಂಡ ಮದ್ದು ಮಾತ್ರ ಗೊತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಕಣ್ಣಾರೆ ಕಂಡಳು. ಮಿನಿಬಸ್ ಓಡಿಸುವ ಮರ್ಜುಕಿ ಹಿತ್ತಲಿನ ಮೀನುಕೊಳದ ದಂಡೆಯಲ್ಲಿ ನಿಂತು ಕೊಲೆಸ್ಟ್ರಾಲ್ ಮಾತ್ರೆಗಳನ್ನು ನೀರಿಗೆ ಎಸೆಯುತ್ತಿದ್ದ.

"ರೀ, ಏನ್ ಮಾಡ್ತಿದ್ದೀರಾ! ಮೀನಿಗೇನು ಹೃದಯದ ಕಾಯಿಲೆನಾ?"

"ಇದನ್ನ ನುಂಗಿದ್ರೆ ತೊಡೆ ಹಿಡ್ಕೊಂಡ್ಬಿಡುತ್ತೆ ಕಣೆ. ಇಳಿಜಾರಲ್ಲಿ ಬ್ರೇಕ್ ಒತ್ತಕ್ಕಾಗಲ್ಲ. ಬಸ್ ತುಂಬ ಜನ ಇರ್ತಾರೆ. ನನ್ನ ಗೆಳೆಯ ಬಹಾರ್ ಇದೇ ಮಾತ್ರೆ ಬಿಟ್ಟು ವರ್ಷ ಆಯ್ತು, ಗೂಳಿ ಹಂಗಿದ್ದಾನೆ."

"ನಿಮ್ಮಣ್ಣನೂ ಗೂಳಿ ಹಂಗೇ ಇದ್ರು."

ಮರ್ಜುಕಿಯ ಮುಖ ಕಪ್ಪಿಟ್ಟಿತು. ಅಣ್ಣ ಐವತ್ತು ತುಂಬುವ ಮೊದಲೇ ಎದೆನೋವಿನಿಂದ ಹೋಗಿದ್ದ. ಮರ್ಜುಕಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ರಸ್ತೆಯ ಕಡೆಯಿಂದ ಕೂಗು ಕೇಳಿಸಿತು. ಬಹಾರ್ ಕುಸಿದಿದ್ದ.

ಬಸ್ ನಿಲ್ದಾಣದ ಕಲ್ಲಿನ ಮೇಲೆ ಎದೆ ಹಿಡಿದುಕೊಂಡು ಕೂತಿದ್ದ ಬಹಾರನ ಅಂಗಿ ಬೆವರಿನಲ್ಲಿ ತೊಯ್ದಿತ್ತು. "ಗ್ಯಾಸು... ಸ್ವಲ್ಪ ಶುಂಠಿ ನೀರು ಕೊಡ್ರೋ," ಎನ್ನುತ್ತಿದ್ದ.

"ಶುಂಠಿ ಬೇಡ, ಮೊದಲು ಆಸ್ಪತ್ರೆ!" ಎಂದಳು ಯುಸ್ನಿದಾರ್.

ಎಲ್ಲರೂ ಸೇರಿ ಅವನನ್ನು ಬಸ್ಸಿಗೆ ಎತ್ತಿದರು. ಮರ್ಜುಕಿ ಹಾರ್ನ್ ಒತ್ತಿಕೊಂಡೇ ತಿರುವುಗಳನ್ನು ಇಳಿದ. ಹಿಂದಿನ ಸೀಟಿನಲ್ಲಿ ಗೆಳೆಯನ ಉಸಿರು ಒಮ್ಮೆ ಕೇಳಿಸುತ್ತಿತ್ತು, ಒಮ್ಮೆ ಇಲ್ಲ. "ಇದ್ದಾನೇನೇ?" ಎಂದು ಕೂಗುತ್ತಿದ್ದ. "ಇದ್ದಾನೆ, ನೀವು ರಸ್ತೆ ನೋಡಿ!" ಎನ್ನುತ್ತಿದ್ದಳು ಯುಸ್ನಿದಾರ್.

ಬಹಾರ್ ಬದುಕಿದ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು.

ಆಸ್ಪತ್ರೆಯ ಪಡಸಾಲೆಯಲ್ಲಿ ಕುಸಿದು ಕೂತ ಮರ್ಜುಕಿಯ ಬಳಿ ನೆರೆಮನೆಯ ನರ್ಸ್ ರೋಸ್ಮೈನಿ ಬಂದಳು. ಯುಸ್ನಿದಾರ್ ಮೀನುಕೊಳದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಮಾತ್ರೆ ಬಿಟ್ಟಿದ್ದಕ್ಕೇ ಇವನಿಗೆ ಹಿಂಗಾಯ್ತಾ ಅಕ್ಕಾ?" ಎಂದ ಮರ್ಜುಕಿ.

"ಅದೊಂದೇ ಕಾರಣ ಅನ್ನೋಕಾಗಲ್ಲ ತಮ್ಮಾ. ಆದ್ರೆ ಕಾವಲುಗಾರನ್ನ ಓಡಿಸಿ, ಕಳ್ಳ ಬರಲ್ಲ ಅಂತ ಕೂತ್ಕೋಬಾರದು. ನೋವು ಬಂದ್ರೆ ಡಾಕ್ಟರಿಗೆ ಹೇಳ್ಬೇಕು, ಮೀನಿಗಲ್ಲ."

ಆಸ್ಪತ್ರೆಯ ವೈದ್ಯೆ ಮರ್ಜುಕಿಯ ರಕ್ತ ಪರೀಕ್ಷಿಸಿದರು. ನೋವು ಇಳಿಯುವ ತನಕ ಮಾತ್ರೆ ನಿಲ್ಲಿಸಿದರು. ಆಮೇಲೆ ಕೊಲೆಸ್ಟ್ರಾಲ್ ಇಳಿಸುವ ಅದೇ ಸ್ಟಾಟಿನ್ ಬಗೆಯ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದುಕೊಟ್ಟರು.

ಮರ್ಜುಕಿ ಅಂಗೈಯಲ್ಲಿಟ್ಟು ನೋಡಿದ. "ಇಷ್ಟು ಚಿಕ್ಕದು ಏನ್ ಕೆಲಸ ಮಾಡುತ್ತೆ?"

"ಎಷ್ಟೋ ಜನಕ್ಕೆ ಇಷ್ಟೇ ಸಾಕಾಗುತ್ತೆ. ಸಾಲದಿದ್ರೆ ಆಮೇಲೆ ನೋಡೋಣ," ಎಂದರು ವೈದ್ಯೆ.

ಯುಸ್ನಿದಾರ್ ಮನೆಯ ಸಾರಿಗೆ ತೆಂಗಿನಹಾಲು ಕಡಿಮೆ ಮಾಡಿದಳು. ಮರ್ಜುಕಿ ಗೊಣಗಿದ, ಆದರೂ ಉಂಡ. ಮಾತ್ರೆ ತಪ್ಪಿಸಲಿಲ್ಲ. ತೊಡೆನೋವು ಮತ್ತೆ ಬರಲಿಲ್ಲ.

ಕೆಲವು ವಾರಗಳ ನಂತರ ಮರ್ಜುಕಿ ಮತ್ತೆ ರಕ್ತಪರೀಕ್ಷೆ ಮಾಡಿಸಿದ. ವರದಿ ಓದುತ್ತಿದ್ದ ವೈದ್ಯೆಯ ಮುಖವನ್ನೇ ಗಂಡ ಹೆಂಡತಿ ನೋಡುತ್ತ ಕೂತರು.

"ಕೆಟ್ಟ ಕೊಲೆಸ್ಟ್ರಾಲ್ ಇರಬೇಕಾದ ಮಟ್ಟಕ್ಕೆ ಇಳಿದಿದೆ."

"ಹಂಗಾದ್ರೆ ಇನ್ನು ಬಿಡಬಹುದಾ?" ಎಂದ ಮರ್ಜುಕಿ.

ವೈದ್ಯೆ ಉತ್ತರಿಸುವ ಮೊದಲೇ ಯುಸ್ನಿದಾರ್ ತಿರುಗಿದಳು. "ಇವತ್ತು ಹೊಟ್ಟೆ ತುಂಬಿತು ಅಂತ ನಾಳೆ ಊಟ ಬಿಡ್ತೀರಾ?"

ಮರ್ಜುಕಿ ಮಾತ್ರೆಯ ಪೊಟ್ಟಣವನ್ನು ಜೇಬಿಗಿಟ್ಟುಕೊಂಡ.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಸದ್ದಿಲ್ಲದೆ ಮಾತ್ರೆ ಬಿಟ್ಟಿದ್ದಾರಾ? ಇವತ್ತೇ ಕೇಳಿ. ನೋವಿದ್ದರೆ ವೈದ್ಯರಿಗೆ ಹೇಳಿ. ಕೆಲವರಿಗೆ ಚಿಕ್ಕ ಪ್ರಮಾಣ ಸಾಕು, ಕೆಲವರಿಗೆ ದೊಡ್ಡದೇ ಬೇಕು. ಅದನ್ನು ರಕ್ತಪರೀಕ್ಷೆ ನೋಡಿ ವೈದ್ಯರು ಹೇಳಲಿ. ನೀವಾಗಿ ಬಿಡಬೇಡಿ, ನೀವಾಗಿ ಕಡಿಮೆ ಮಾಡಬೇಡಿ. ಎದೆ ಹಿಂಡಿ ಬೆವರು ಸುರಿದರೆ ಗ್ಯಾಸ್ ಎಂದು ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.